ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕ ಸದ್ದು

ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಏಕರ್ ಲೇನ್ ಎಂಬ ರಸ್ತೆಯಿದೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆ ಇತ್ತು. ಮಾಂಸದ ಪೈ ತಯಾರಿಸುತ್ತಿದ್ದ ಕಾರ್ಖಾನೆ. ಅದು ನಿಂತುಹೋದ ಮೇಲೆ ಕಟ್ಟಡವನ್ನು ಕಲಾವಿದರಿಗೆ ಅಗ್ಗದ ಬಾಡಿಗೆಗೆ ಕೊಡತೊಡಗಿದರು. ಅದರೊಳಗೆ ಮಾಂಸ ಕೆಡದಂತೆ ಇಡಲು ಕಟ್ಟಿದ್ದ ಒಂದು ಶೀತಲ ಕೋಣೆಯೂ ಇತ್ತು. ಬೆಳಕಿಗಾಗಿ ಹಂಬಲಿಸುವ ಚಿತ್ರಕಾರರಿಗೆ ಇಂಥ ಕೋಣೆಯಿಂದ ಏನೂ ಪ್ರಯೋಜನವಿಲ್ಲ. ಸದ್ದು ಮಾಡುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಥಂಡಿಯನ್ನು ಹೊರಗೆ ಬಿಡದ ಗೋಡೆ ಸದ್ದನ್ನೂ ಹೊರಗೆ ಬಿಡುವುದಿಲ್ಲ. ಮೂವರು ತರುಣರು ಆ ಕೋಣೆಯನ್ನು ಹಿಡಿದು ಅದಕ್ಕೆ ಕೋಲ್ಡ್ ಸ್ಟೋರೇಜ್ ಎಂದೇ ಹೆಸರಿಟ್ಟರು. ಅವರ ತಂಡದ ಹೆಸರು ದಿಸ್ ಹೀಟ್.

1979ರಲ್ಲಿ ಬಂದ ಇವರ ಮೊದಲ ಎಲ್‌ಪಿಗೆ ತಂಡದ ಹೆಸರೇ ಹೆಸರು. ನೀಲಿ ಮತ್ತು ಹಳದಿ ಬಣ್ಣದ ಹೊದಿಕೆ, ಅದರ ಮೇಲೆ ಯಾರ ಮುಖವೂ ಇಲ್ಲ. ಪೋಸ್ಟ್-ಪಂಕ್ ಎಂದು ಇಂದು ಕರೆಯುವ ಸಂಗೀತದಲ್ಲಿ ಇಷ್ಟು ಗದ್ದಲದ, ಇಷ್ಟು ವಿಚಿತ್ರವಾದ, ಇಷ್ಟು ಯೋಚಿಸಿ ಕಟ್ಟಿದ ಇನ್ನೊಂದು ತಟ್ಟೆ ನನಗೆ ತಿಳಿದಂತೆ ಇಲ್ಲ. ಈ ಸಂಗೀತವನ್ನು ಮೊದಲು ಬರೆದು ಆಮೇಲೆ ನುಡಿಸಿದ್ದಲ್ಲ. ಅದು ಹುಡುಕಿ ಸಿಕ್ಕಿದ್ದು. ಹೇಗೆ ಸಿಕ್ಕಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಚಾರ್ಲ್ಸ್ ಹೇವರ್ಡ್ ಡ್ರಮ್ ವಾದಕ. ಈ ತಂಡಕ್ಕೂ ಮೊದಲು ಕ್ವಯಟ್ ಸನ್ ಎಂಬ ತಂಡದಲ್ಲಿ, ಮುಂದೆ ರಾಕ್ಸಿ ಮ್ಯೂಸಿಕ್‌ನಿಂದ ಹೆಸರಾದ ಗಿಟಾರ್ ವಾದಕ ಫಿಲ್ ಮಂಜನೇರಾ ಜೊತೆ ನುಡಿಸಿದ್ದವರು. ತಾಳದ ಲೆಕ್ಕಾಚಾರ ಬೆರಳ ತುದಿಯಲ್ಲಿದ್ದ ಮನುಷ್ಯ. ಚಾರ್ಲ್ಸ್ ಬುಲೆನ್ ಗಿಟಾರ್, ಕ್ಲಾರಿನೆಟ್, ವಯೋಲಾ ನುಡಿಸುತ್ತಿದ್ದರು. ಇಬ್ಬರೂ ಕೆಲವು ವರ್ಷಗಳಿಂದ ಕೂಡಿ ಆಶುವಾಗಿ ನುಡಿಸುತ್ತ ಬಂದಿದ್ದರು. 1976ರ ಆರಂಭದಲ್ಲಿ ಅವರಿಗೆ ಮೂರನೆಯವರಾಗಿ ಸೇರಿದವರು ಗ್ಯಾರೆತ್ ವಿಲಿಯಮ್ಸ್. ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡಿದ್ದವರು, ಚಿತ್ರಕಲೆಯ ಹಿನ್ನೆಲೆಯವರು, ಯಾವ ವಾದ್ಯವನ್ನೂ ಕಲಿತವರಲ್ಲ. ಆದರೆ ಕೇಳಿದ್ದು ಬಹಳ. ಅವರ ಕೈಗೆ ಕೀಬೋರ್ಡು ಬಂತು, ಬೇಸ್ ಗಿಟಾರ್ ಬಂತು.

ಸಂಗೀತ ಬಾರದವನೊಬ್ಬ ಬಂದು ಎಲ್ಲವನ್ನೂ ಹೊಸದು ಮಾಡಿದ ಎಂಬ ಕತೆ ಪಂಕ್ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನಗೆ ಅದು ಅರ್ಧ ಸತ್ಯವೆಂದೇ ತೋರುತ್ತದೆ. ಮೂವರಿಗೂ ನುಡಿಸಲು ಬಾರದಿದ್ದರೆ ಈ ತಟ್ಟೆ ಹುಟ್ಟುತ್ತಿರಲಿಲ್ಲ. ಮೂವರೂ ಪಳಗಿದ ಕೈಗಳೇ ಆಗಿದ್ದರೂ ಹುಟ್ಟುತ್ತಿರಲಿಲ್ಲ. ಇಬ್ಬರು ಬಲ್ಲವರು, ಒಬ್ಬ ಬಲ್ಲವನಲ್ಲ, ಆದರೆ ಅವನ ಮಾತಿಗೆ ಉಳಿದಿಬ್ಬರಷ್ಟೇ ತೂಕ. ಈ ಏರ್ಪಾಡೇ ಎಲ್ಲಕ್ಕೂ ಮೂಲ. ಕಲಿತ ಕೈ ಅಭ್ಯಾಸದ ಜಾಡಿಗೆ ಬೀಳುವ ಹೊತ್ತಿಗೆ ಕಲಿಯದ ಕೈ ಅದನ್ನು ತಪ್ಪಿಸುತ್ತದೆ. ಕಲಿಯದ ಕೈ ಎಡವಿದಾಗ ಕಲಿತ ಕೈ ಆ ಎಡವಿಕೆಯನ್ನೇ ತಾಳಕ್ಕೆ ಹೊಂದಿಸುತ್ತದೆ.

ಕಾಲಕ್ರಮವನ್ನೂ ಗಮನಿಸಬೇಕು. ರಮೋನ್ಸ್ ಎಂಬ ಪಂಕ್ ತಂಡ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಮೊದಲ ಸಲ ನುಡಿಸಿದ್ದು 1976ರ ಜುಲೈ 4ರಂದು. ಸೆಕ್ಸ್ ಪಿಸ್ಟಲ್ಸ್‌ನ ಮೊದಲ ಸಿಂಗಲ್ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ದಿಸ್ ಹೀಟ್ ಆಗಲೇ ಕೆಲಸದಲ್ಲಿ ಮುಳುಗಿತ್ತು. ಹಾಗಾಗಿ ಪಂಕ್ ನಂತರದ ಸಂಗೀತವೆಂದು ಇದನ್ನು ಕರೆಯುವುದು ಬಳಕೆಯ ಅನುಕೂಲಕ್ಕಷ್ಟೇ. ಇವರ ಬೇರುಗಳು ಬೇರೆ ಕಡೆ ಇದ್ದವು. ಒಂದು ಬೇರು ಜರ್ಮನಿಯಲ್ಲಿ. ಕ್ಯಾನ್ ತಂಡದ ಹೋಲ್ಗರ್ ಚುಕೈ ಗಂಟೆಗಟ್ಟಲೆ ನುಡಿಸಿದ್ದನ್ನು ಟೇಪಿಗೆ ಹಿಡಿದು, ಕತ್ತರಿಸಿ, ಜೋಡಿಸಿ ಹಾಡು ಮಾಡುತ್ತಿದ್ದರು. ಫೌಸ್ಟ್ ತಂಡದ ಟೇಪ್ ತುಣುಕುಗಳ ಆಲ್ಬಮನ್ನು 1973ರಲ್ಲಿ ವರ್ಜಿನ್ ಕಂಪನಿ ಕೇವಲ 49 ಪೆನ್ಸಿಗೆ ಮಾರಿತ್ತು, ಅದರಿಂದಾಗಿ ಆ ವಿಚಿತ್ರ ಸಂಗೀತ ಸಾವಿರಾರು ಇಂಗ್ಲಿಷ್ ಮನೆಗಳನ್ನು ಹೊಕ್ಕಿತ್ತು.

ಇನ್ನೊಂದು ಬೇರು ಅವರ ಬೀದಿಯಲ್ಲೇ ಇತ್ತು. ಬ್ರಿಕ್ಸ್‌ಟನ್ ಎಂದರೆ 1948ರ ನಂತರ ಕೆರಿಬಿಯನ್ ದ್ವೀಪಗಳಿಂದ ಬಂದವರು ನೆಲೆಸಿದ ಪ್ರದೇಶ. ಜಮೈಕಾದ ಡಬ್ ಸಂಗೀತ ಅಲ್ಲಿಯ ಅಂಗಡಿ, ಮನೆ, ಸೌಂಡ್ ಸಿಸ್ಟಮ್‌ಗಳಲ್ಲಿ ಮೊಳಗುತ್ತಿತ್ತು. ಕಿಂಗ್‌ಸ್ಟನ್ನಿನ ಕಿಂಗ್ ಟಬ್ಬಿ ಎಂಬ ಎಂಜಿನಿಯರ್ ಎಪ್ಪತ್ತರ ದಶಕದ ಮೊದಲಲ್ಲೇ ಮಾಡಿ ತೋರಿಸಿದ್ದರು: ಮಿಕ್ಸಿಂಗ್ ಬೋರ್ಡೇ ಒಂದು ವಾದ್ಯ. ಹಾಡು ರೆಕಾರ್ಡ್ ಆಗಿ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಗಾಯನವನ್ನು ಅಳಿಸಬಹುದು, ಡ್ರಮ್ಮಿನ ಒಂದೇ ಏಟನ್ನು ಪ್ರತಿಧ್ವನಿಯಲ್ಲಿ ಮುಳುಗಿಸಬಹುದು, ಬೇಸ್ ಒಂದನ್ನೇ ಉಳಿಸಿ ಮಿಕ್ಕೆಲ್ಲವನ್ನೂ ಆರಿಸಬಹುದು. ದಿಸ್ ಹೀಟ್ ಡಬ್ ತಂಡವಲ್ಲ, ರೆಗ್ಗೆಯ ಲಯವನ್ನು ಅನುಕರಿಸಿದವರೂ ಅಲ್ಲ. ಆದರೆ ರೆಕಾರ್ಡಿಂಗ್ ಎಂಬುದು ಕಚ್ಚಾ ಸಾಮಗ್ರಿ ಎಂಬ ಡಬ್‌ನ ತಿಳಿವಳಿಕೆ ಇಲ್ಲದೆ ಅವರ ಕೆಲಸವನ್ನು ಊಹಿಸಲಾಗದು.

ಈಗ ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ. ತಂಡದ ಮೂವರ ಹೆಸರಿನ ಮುಂದೆಯೂ ವಾದ್ಯಗಳ ಪಟ್ಟಿಯಲ್ಲಿ ಕೊನೆಗೆ ಒಂದು ಪದ ಸಾಮಾನ್ಯವಾಗಿ ಬರುತ್ತದೆ: ಟೇಪ್. ಗಿಟಾರಿನಂತೆ, ಡ್ರಮ್ಮಿನಂತೆ ಅದೂ ಒಂದು ವಾದ್ಯ. ಕೋಣೆಯಲ್ಲಿ ಕೂತು ನುಡಿಸುವಾಗ ಕ್ಯಾಸೆಟ್ ರೆಕಾರ್ಡರ್ ಓಡುತ್ತಲೇ ಇರುತ್ತಿತ್ತು. ಮುಗಿದ ಮೇಲೆ ಕೂತು ಕೇಳುವುದು. ಮೂವರ ನಿಜವಾದ ಆವಿಷ್ಕಾರ ನಡೆದದ್ದು ನುಡಿಸುವಾಗ ಅಲ್ಲ, ಕೇಳುವಾಗ ಎಂದು ನಾನು ನಂಬುತ್ತೇನೆ. ನುಡಿಸುವವನ ಗಮನವೆಲ್ಲ ತನ್ನ ಕೈಯ ಮೇಲಿರುತ್ತದೆ. ಪಕ್ಕದವನ ಕೀಬೋರ್ಡಿನ ಕಿರಗುಟ್ಟುವಿಕೆಯೂ ತನ್ನ ಸಿಂಬಲ್ಲಿನ ಮಿಡಿತವೂ ಸೇರಿ ಮೂರನೆಯ ಒಂದು ಸದ್ದಾದದ್ದು ಅವನಿಗೆ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಟೇಪು ಅದನ್ನು ಹಿಡಿದಿರುತ್ತದೆ. ಹೀಗೆ ಸಿಕ್ಕ ತುಣುಕನ್ನು ಮತ್ತೆ ನುಡಿಸಿ ನೋಡಬೇಕು, ಇಲ್ಲವೇ ಆ ಟೇಪಿನ ತುಣುಕನ್ನೇ ಹಾಡಿನೊಳಗೆ ಹಾಕಬೇಕು. ಅವರು ಎರಡನ್ನೂ ಮಾಡಿದರು.

ಎರಡನೆಯದು ಆ ಕಾಲಕ್ಕೆ ದೊಡ್ಡ ಧೈರ್ಯ. ಕ್ಯಾಸೆಟ್ಟಿನ ಸದ್ದು ತೆಳು, ಮಸುಕು, ಹಿಂದೆ ಸುಯ್ಯೆನ್ನುವ ಗಾಳಿ. ಸ್ಟುಡಿಯೋದ ಅಗಲವಾದ ಟೇಪಿನ ಸದ್ದು ತುಂಬು, ಸ್ಪಷ್ಟ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟರೆ ಜೋಡಣೆಯ ಗುರುತು ಕಾಣುತ್ತದೆ ಎಂದು ಯಾವ ಎಂಜಿನಿಯರಾದರೂ ತಡೆಯುತ್ತಿದ್ದ. ಇವರಿಗೆ ಆ ಗುರುತೇ ಬೇಕಾಗಿತ್ತು. ಮೊದಲ ಆಲ್ಬಮಿನ ಕೆಲಸ 1976ರ ಫೆಬ್ರವರಿಯಿಂದ 1978ರ ಸೆಪ್ಟೆಂಬರ್‌ವರೆಗೆ ಹರಡಿಕೊಂಡಿದೆ. ಬೇರೆ ಬೇರೆ ಜಾಗ, ಬೇರೆ ಬೇರೆ ಯಂತ್ರ, ಬೇರೆ ಬೇರೆ ದಿನದ ಗಾಳಿ ಒಂದೇ ಹಾಡಿನಲ್ಲಿ ಅಕ್ಕಪಕ್ಕ ಕೂತಿವೆ. ಒಂದು ಸಣ್ಣ ಕೋಣೆಯಲ್ಲಿ ನಿಂತ ಕೇಳುಗ ಕಣ್ಣು ಮಿಟುಕಿಸುವುದರೊಳಗೆ ದೊಡ್ಡ ಹಜಾರದಲ್ಲಿ ನಿಂತಿರುತ್ತಾನೆ.

ಈ ತಟ್ಟೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವ ಜಾಗ ‘24 ಟ್ರ್ಯಾಕ್ ಲೂಪ್’. ಹೆಸರೇ ಅದರ ತಯಾರಿಕೆಯ ವಿಧಾನ. ಆ ದಿನಗಳ ವೃತ್ತಿಪರ ಸ್ಟುಡಿಯೋದಲ್ಲಿ ಎರಡು ಅಂಗುಲ ಅಗಲದ ಕಾಂತೀಯ ಟೇಪು ಬಳಸುತ್ತಿದ್ದರು. ಅದರ ಅಗಲದ ಮೇಲೆ ಇಪ್ಪತ್ತನಾಲ್ಕು ಸಮಾನಾಂತರ ಪಟ್ಟಿಗಳು, ಒಂದೊಂದರಲ್ಲಿ ಒಂದೊಂದು ವಾದ್ಯ ಅಥವಾ ಮೈಕಿನ ಸದ್ದು. ಟೇಪಿನ ಒಂದು ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಅದರ ತಲೆಯನ್ನು ಬಾಲಕ್ಕೆ ಅಂಟಿಸಿದರೆ ಬಳೆಯಾಗುತ್ತದೆ. ಅದೇ ಲೂಪ್. ಯಂತ್ರದಲ್ಲಿ ಓಡಿಸಿದರೆ ಅದೇ ಕೆಲವು ಸೆಕೆಂಡುಗಳ ಸಂಗೀತ ಕೊನೆಯಿಲ್ಲದೆ ಮರಳಿ ಬರುತ್ತದೆ. ಸೆಕೆಂಡಿಗೆ ಹದಿನೈದು ಅಂಗುಲದ ವೇಗದಲ್ಲಿ ಓಡುವ ಯಂತ್ರದಲ್ಲಿ ನಾಲ್ಕು ಸೆಕೆಂಡಿನ ಬಳೆಗೆ ಐದು ಅಡಿ ಟೇಪು ಬೇಕು. ಅಷ್ಟು ಉದ್ದದ ಬಳೆ ಯಂತ್ರದ ಮೇಲೆ ಹಿಡಿಸದು. ಹೊರಗೆ ಮೈಕ್ ಸ್ಟ್ಯಾಂಡಿನಂಥ ಯಾವುದಾದರೂ ಕಂಬಕ್ಕೆ ಸುತ್ತಿಸಿ ಬಿಗಿ ತಪ್ಪದಂತೆ ನೋಡಿಕೊಳ್ಳಬೇಕು.

ಟೇಪಿನ ಬಳೆ ಹೊಸ ವಿಷಯವಲ್ಲ. ಪ್ಯಾರಿಸ್ಸಿನ ಮ್ಯೂಸಿಕ್ ಕಾಂಕ್ರೀತ್ ಸಂಯೋಜಕರು ಐವತ್ತರ ದಶಕದಲ್ಲೇ ಅದನ್ನು ಬಳಸಿದ್ದರು. ದಿಸ್ ಹೀಟ್ ಕಂಡುಕೊಂಡದ್ದು ಅದಕ್ಕಿಂತ ಮುಂದಿನ ಒಂದು ಸಂಗತಿ. ಸಾಮಾನ್ಯ ಬಳೆಯಲ್ಲಿ ಎಲ್ಲ ವಾದ್ಯಗಳೂ ಬೆರೆತು ಒಂದಾಗಿರುತ್ತವೆ. ಅದನ್ನು ಮತ್ತೆ ಬಿಡಿಸಲಾಗದು. ಇಪ್ಪತ್ತನಾಲ್ಕು ಪಟ್ಟಿಗಳನ್ನೇ ಬಳೆ ಮಾಡಿದರೆ ಒಂದೊಂದು ಪಟ್ಟಿಯೂ ಬಿಡಿಯಾಗಿಯೇ ಉಳಿಯುತ್ತದೆ. ಬಳೆ ತಿರುಗುತ್ತಿರುವಾಗ ಬೋರ್ಡಿನ ಮೇಲೆ ಒಂದು ಫೇಡರ್ ಏರಿಸಿದರೆ ಡ್ರಮ್ ಬರುತ್ತದೆ, ಇಳಿಸಿದರೆ ಹೋಗುತ್ತದೆ, ಇನ್ನೊಂದನ್ನು ಏರಿಸಿದರೆ ಬೇಸ್. ತಂಡ ಕೋಣೆಯಲ್ಲಿ ಒಮ್ಮೆ ನುಡಿಸಿದ್ದು ಈಗ ಮಿಕ್ಸಿಂಗ್ ಬೋರ್ಡಿನಲ್ಲಿ ಮತ್ತೆ ನುಡಿಸಲ್ಪಡುತ್ತದೆ, ಬೇರೆಯದೇ ಆಗಿ. ಜೊತೆಗೆ ಹಾರ್ಮೊನೈಸರ್ ಎಂಬ ಪೆಟ್ಟಿಗೆ. ಎಪ್ಪತ್ತರ ದಶಕದ ನಡುವಿನಲ್ಲಿ ಈವೆಂಟೈಡ್ ಕಂಪನಿ ಮಾರುಕಟ್ಟೆಗೆ ತಂದ ಈ ಯಂತ್ರ ವೇಗವನ್ನು ಬದಲಿಸದೆ ಶ್ರುತಿಯನ್ನು ಮಾತ್ರ ಏರಿಸುತ್ತದೆ, ಇಳಿಸುತ್ತದೆ. ಡೇವಿಡ್ ಬೋವಿಯ 1977ರ ‘ಲೋ’ ಆಲ್ಬಮಿನಲ್ಲಿ ಸ್ನೇರ್ ಡ್ರಮ್ಮಿನ ಏಟು ಕೆಳಗೆ ಜಾರಿ ಬೀಳುವಂತೆ ಕೇಳಿಸುವುದು ಇದೇ ಬಗೆಯ ಪೆಟ್ಟಿಗೆಯಿಂದ. ಬೋವಿಯ ನಿರ್ಮಾಪಕ ಟೋನಿ ವಿಸ್ಕಾಂಟಿ ಅದನ್ನು ಹಾಡಿಗೆ ಬಣ್ಣ ಕೊಡಲು ಬಳಸಿದರು. ದಿಸ್ ಹೀಟ್ ಡ್ರಮ್ಮಿನಿಂದಲೇ ರಾಗ ಎಳೆಯಲು ಬಳಸಿತು. ‘24 ಟ್ರ್ಯಾಕ್ ಲೂಪ್’ನಲ್ಲಿ ಲಯ ಒಂದೇ, ಅದು ಕದಲುವುದಿಲ್ಲ. ಆದರೆ ಡ್ರಮ್ಮಿನ ಏಟುಗಳು ಒಮ್ಮೆ ಲೋಹದ ತಗಡಾಗುತ್ತವೆ, ಒಮ್ಮೆ ನೀರಿನ ಹನಿಯಾಗುತ್ತವೆ, ಒಮ್ಮೆ ಎತ್ತರದ ಶ್ರುತಿಗೆ ಹತ್ತಿ ಅಲ್ಲಿಂದ ಜಾರುತ್ತವೆ.

ಮಿಕ್ಕ ತುಣುಕುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತಟ್ಟೆಯ ಮೊದಲಲ್ಲೂ ಕೊನೆಯಲ್ಲೂ ‘ಟೆಸ್ಟ್‌ಕಾರ್ಡ್’ ಎಂಬ ಮಂದ ನಾದವಿದೆ. ದೂರದರ್ಶನದ ಹಳೆಯ ದಿನಗಳಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲು ಬಣ್ಣದ ಪಟ್ಟಿಗಳ ಜೊತೆ ಒಂದೇ ಸಮನೆ ಕೇಳುತ್ತಿದ್ದ ಸದ್ದನ್ನು ನೆನಪಿಸಿಕೊಂಡರೆ ಆ ಹೆಸರು ಏಕೆಂದು ಅರ್ಥವಾಗುತ್ತದೆ. ಅದರ ಬೆನ್ನಿಗೇ ‘ಹಾರಿಜಾಂಟಲ್ ಹೋಲ್ಡ್’ ಎಂಬ ಸ್ಫೋಟ. ಅದೂ ಹಳೆಯ ಟಿವಿ ಸೆಟ್ಟಿನಿಂದ ಬಂದ ಹೆಸರೇ, ಚಿತ್ರ ಓರೆಯಾಗಿ ಹರಿದುಹೋದಾಗ ತಿರುಗಿಸುತ್ತಿದ್ದ ಗುಂಡಿ. ಗಿಟಾರು ಡ್ರಮ್ಮುಗಳು ಒಂದು ಬಿರುಸಿನ ಓಟವನ್ನು ಹಿಡಿದು, ಇದ್ದಕ್ಕಿದ್ದಂತೆ ಬಿಟ್ಟು, ಮತ್ತೆ ಹಿಡಿಯುತ್ತವೆ. ‘ನಾಟ್ ವೇವಿಂಗ್’ ಮುಳುಗುವವನ ನಿಧಾನದ ಹಾಡು. ‘ದ ಫಾಲ್ ಆಫ್ ಸೈಗಾನ್’ 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಹೊತ್ತಿನ ಅಮೆರಿಕನ್ ರಾಯಭಾರ ಕಚೇರಿಯನ್ನು ಒಂದು ಕೆಟ್ಟ ಕನಸಿನಂತೆ ಕಲ್ಪಿಸುತ್ತದೆ.

ಇಂಥ ಸಂಗೀತವನ್ನು ಯಾರು ಹೊರತರಬೇಕು? ಬಿಬಿಸಿ ರೇಡಿಯೋ 1ರಲ್ಲಿ ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದ ಜಾನ್ ಪೀಲ್‌ಗೆ ತಂಡದ ಟೇಪು ತಲುಪಿತು. 1977ರಲ್ಲಿ ಅವರಿಗಾಗಿ ದಿಸ್ ಹೀಟ್ ಎರಡು ಸಲ ನುಡಿಸಿತು. ಆದರೂ ಎಲ್‌ಪಿ ಬರಲು ಇನ್ನೆರಡು ವರ್ಷ ಬೇಕಾಯಿತು. ಅದನ್ನು ತಂಡದ ಜೊತೆ ನಿರ್ಮಿಸಿ, ಪಿಯಾನೋ ಎಂಬ ತಮ್ಮ ಪುಟ್ಟ ಲೇಬಲ್ಲಿನಿಂದ ತಂದವರು ಡೇವಿಡ್ ಕನ್ನಿಂಗ್‌ಹ್ಯಾಮ್. ಅದೇ 1979ರಲ್ಲಿ ಅವರ ಫ್ಲೈಯಿಂಗ್ ಲಿಜರ್ಡ್ಸ್ ತಂಡದ ‘ಮನಿ’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಅಗ್ಗದ ಸಲಕರಣೆಗಳಿಂದ ಕೂಡಿಸಿದ ಸದ್ದೂ ಎಲ್ಲರ ಮನೆಯ ರೇಡಿಯೋಗೆ ಹೋಗಬಲ್ಲದು ಎಂಬುದು ಅಲ್ಲಿ ಗೊತ್ತಾಯಿತು. ದಿಸ್ ಹೀಟ್ ಆ ದಾರಿಗೆ ಹೋಗಲಿಲ್ಲ.

ಅವರು ಹೋದದ್ದು ಮತ್ತೆ ತಮ್ಮ ಕೋಣೆಗೆ. 1980ರ ‘ಹೆಲ್ತ್ ಅಂಡ್ ಎಫಿಶಿಯೆನ್ಸಿ’ ಸೂರ್ಯನ ಬಿಸಿಲನ್ನು ಹೊಗಳುವ ಲವಲವಿಕೆಯ ಹಾಡಾಗಿ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಹಾಡು ನಿಂತು ಒಂದೇ ಲಯದ ಸುಳಿಗೆ ಬೀಳುತ್ತದೆ, ಆ ಸುಳಿಯೊಳಗೆ ಟೇಪಿನ ಸದ್ದುಗಳು ಬಂದು ಹೋಗುತ್ತಿರುತ್ತವೆ. ತಟ್ಟೆಯ ಹಿಂಬದಿಯ ‘ಗ್ರಾಫಿಕ್/ವೇರಿಸ್ಪೀಡ್’ ಅನ್ನು 16, 33, 45 ಯಾವ ವೇಗದಲ್ಲಾದರೂ ಹಾಕಿಕೊಳ್ಳಬಹುದೆಂದು ಕೇಳುಗನಿಗೇ ಬಿಟ್ಟರು. ಸ್ಟುಡಿಯೋದಲ್ಲಿ ತಾವು ಕಂಡುಕೊಂಡ ಆಟವನ್ನು ಕೇಳುಗನ ಮನೆಯ ಗ್ರಾಮಫೋನಿಗೂ ದಾಟಿಸಿದ ರೀತಿ ಇದು.

ಎರಡನೆಯ ಆಲ್ಬಮ್ ‘ಡಿಸೀಟ್’ 1981ರಲ್ಲಿ ರಫ್ ಟ್ರೇಡ್ ಲೇಬಲ್ಲಿನಿಂದ ಬಂತು. ನನಗೆ ಮೊದಲನೆಯದಕ್ಕಿಂತ ಇದೇ ಒಂದು ತೂಕ ಹೆಚ್ಚು, ಏಕೆಂದರೆ ಇಲ್ಲಿ ಟೇಪಿನ ಕೆಲಸಕ್ಕೆ ಒಂದು ಕಾರಣ ಸಿಕ್ಕಿದೆ. 1979ರ ಡಿಸೆಂಬರಿನಲ್ಲಿ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ಪಶ್ಚಿಮ ಯುರೋಪಿನಲ್ಲಿ ಇರಿಸಲು ನೇಟೊ ನಿರ್ಧರಿಸಿತ್ತು. ಅಣುಬಾಂಬು ಬಿದ್ದರೆ ಮನೆಯೊಳಗೆ ಬಾಗಿಲುಗಳನ್ನು ಓರೆಯಾಗಿ ನಿಲ್ಲಿಸಿ ಆಸರೆ ಮಾಡಿಕೊಳ್ಳುವುದು ಹೇಗೆಂದು ವಿವರಿಸುವ ಸರಕಾರಿ ಕೈಪಿಡಿ 1980ರಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. 1981ರ ಏಪ್ರಿಲಿನಲ್ಲಿ ಬ್ರಿಕ್ಸ್‌ಟನ್ನಿನ ಬೀದಿಗಳೇ ಹೊತ್ತಿ ಉರಿದವು. ಪೊಲೀಸರ ಕಾಟಕ್ಕೆ ಬೇಸತ್ತ ಕಪ್ಪು ಯುವಕರು ತಿರುಗಿಬಿದ್ದರು. ‘ಡಿಸೀಟ್’ ಈ ಹವೆಯ ತಟ್ಟೆ. ಮೊದಲ ಹಾಡು ‘ಸ್ಲೀಪ್’ ಲಾಲಿಯ ಧಾಟಿಯಲ್ಲಿ ಜಾಹೀರಾತಿನ ಮಾತುಗಳನ್ನು ಹಾಡುತ್ತದೆ. ‘ಇಂಡಿಪೆಂಡೆನ್ಸ್’ನ ಸಾಹಿತ್ಯ 1776ರ ಅಮೆರಿಕನ್ ಸ್ವಾತಂತ್ರ್ಯ ಘೋಷಣೆಯಿಂದ ತೆಗೆದದ್ದು. ಕೊನೆಯ ತುಣುಕಿನ ಹೆಸರು ಬಾಂಬಿಗೆ ಸಿಕ್ಕಿ ಬದುಕುಳಿದ ಜಪಾನೀಯರನ್ನು ಕುರಿತದ್ದು. ‘ಮೇಕ್‌ಶಿಫ್ಟ್ ಸ್ವಾಹಿಲಿ’ ಸ್ಟುಡಿಯೋದ ಸ್ಪಷ್ಟ ಸದ್ದಿನಲ್ಲಿ ಓಡುತ್ತಿದ್ದು, ಕೊನೆಗೆ ಒಮ್ಮೆಲೇ ಕಚ್ಚಾ ಕಛೇರಿ ರೆಕಾರ್ಡಿಂಗಿಗೆ ಜಿಗಿಯುತ್ತದೆ. ಬೇರೆ ಬೇರೆ ಟೇಪುಗಳನ್ನು ಅಕ್ಕಪಕ್ಕ ಇಡುವ ವಿಧಾನ ಮೊದಲ ತಟ್ಟೆಯಲ್ಲಿ ಕುತೂಹಲವಾಗಿತ್ತು. ಇಲ್ಲಿ ಅದೇ ವಿಧಾನ ನಂಬಿದ ನೆಲ ಕಾಲಡಿಯಿಂದ ಸರಿಯುವ ಭಯವನ್ನು ಹೇಳುತ್ತಿದೆ. ವಿಧಾನವೊಂದು ಅರ್ಥವಾಗಿ ಬೆಳೆಯುವುದನ್ನು ಎರಡೇ ತಟ್ಟೆಗಳಲ್ಲಿ ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ.

‘ಡಿಸೀಟ್’ ಮುಗಿದ ಮೇಲೆ ಗ್ಯಾರೆತ್ ವಿಲಿಯಮ್ಸ್ ತಂಡ ಬಿಟ್ಟರು. ಹೋದದ್ದು ಕೇರಳಕ್ಕೆ, ಕಥಕಳಿ ಕಲಿಯಲು. ಇಂಗ್ಲಿಷ್ ಬರಹಗಳಲ್ಲಿ ಇದೊಂದು ವಿಚಿತ್ರ ತಿರುವಿನಂತೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಕನ್ನಡದ ಓದುಗರಿಗೆ ಅದು ಅಷ್ಟು ವಿಚಿತ್ರವೆನಿಸಲಾರದು. ಬಯಲಾಟದ ರಾತ್ರಿಯಲ್ಲಿ ಚೆಂಡೆಯ ಎದುರು ಕೂತವರಿಗೆ ಗೊತ್ತು, ಆ ಸದ್ದು ಹಿತಕ್ಕಾಗಿ ಇರುವುದಲ್ಲ. ಯಕ್ಷಗಾನದ ಚೆಂಡೆ-ಮದ್ದಳೆಗಳಾಗಲಿ, ಕಥಕಳಿಯ ಚೆಂಡ-ಮದ್ದಳ-ಚೇಂಗಿಲ-ಇಲತ್ತಾಳಗಳಾಗಲಿ ಕಿವಿ ತುಂಬಿ, ಎದೆ ನಡುಗಿಸಿ, ವೇಷಧಾರಿಯ ಹೆಜ್ಜೆಗೆ ಬೆಂಕಿ ಹಾಕುತ್ತವೆ. ಅಲ್ಲಿ ಗದ್ದಲವೇ ಶಾಸ್ತ್ರ, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಶೀತಲ ಕೋಣೆಯಲ್ಲಿ ಐದಾರು ವರ್ಷ ಗದ್ದಲಕ್ಕೆ ರೂಪ ಹುಡುಕಿದ ಮನುಷ್ಯ, ಗದ್ದಲಕ್ಕೆ ಶತಮಾನಗಳಿಂದ ರೂಪವಿರುವ ನಾಡಿಗೆ ಬಂದದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಮುಂದೆ ಅವರು ಮೇರಿ ಕರಿ ಜೊತೆ ‘ಫ್ಲೇಮಿಂಗ್ ಟ್ಯೂನ್ಸ್’ ಎಂಬ ಮನೆಯ ಹದದ, ಮೃದುವಾದ ಕ್ಯಾಸೆಟ್ ತಂದರು. ಭಾರತವನ್ನು ಕುರಿತ ರಫ್ ಗೈಡ್ ಪ್ರವಾಸಿ ಕೈಪಿಡಿಯ ಮೊದಲ ಆವೃತ್ತಿಯ ಲೇಖಕರಲ್ಲಿ ಒಬ್ಬರಾದರು. 2001ರ ಡಿಸೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ವಿಲಿಯಮ್ಸ್ ಇಲ್ಲದೆ, ಬೇರೆ ಇಬ್ಬರನ್ನು ಸೇರಿಸಿಕೊಂಡು ದಿಸ್ ಹೀಟ್ 1982ರವರೆಗೆ ನಡೆದು ನಿಂತಿತು. ಹೇವರ್ಡ್ ಕ್ಯಾಂಬರ್‌ವೆಲ್ ನೌ ಎಂಬ ತಂಡ ಕಟ್ಟಿದರು, ಬುಲೆನ್ ಲೈಫ್‌ಟೋನ್ಸ್ ಎಂಬ ಹೆಸರಿನಲ್ಲಿ ರೆಗ್ಗೆಗೆ ಹತ್ತಿರದ ಒಂದು ತಟ್ಟೆ ಮಾಡಿದರು. ತೊಂಬತ್ತರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಜಂಗಲ್ ಎಂಬ ಹೊಸ ನೃತ್ಯಸಂಗೀತ ಹುಟ್ಟಿತು. ಹಳೆಯ ತಟ್ಟೆಗಳ ಡ್ರಮ್ ತುಣುಕನ್ನು ಸ್ಯಾಂಪ್ಲರ್ ಯಂತ್ರದಲ್ಲಿ ಚೂರು ಮಾಡಿ, ಶ್ರುತಿ ಏರಿಳಿಸಿ, ಬಿರುಸಾಗಿ ಓಡಿಸುವುದು ಅದರ ಹೂರಣ. ಆಗ ‘24 ಟ್ರ್ಯಾಕ್ ಲೂಪ್’ ಮತ್ತೆ ಕೇಳಿದವರು ಇದು ಹದಿನೈದು ವರ್ಷ ಮೊದಲೇ ಆಗಿಹೋಗಿದೆಯಲ್ಲ ಎಂದು ಬೆರಗಾದರು. ಜಂಗಲ್ ಮಾಡಿದವರು ದಿಸ್ ಹೀಟ್‌ನಿಂದ ಕಲಿತರೆಂದು ನಾನು ಹೇಳುವುದಿಲ್ಲ. ಡಬ್ ಕೇಳಿ ಬೆಳೆದ ಅದೇ ನಗರದಲ್ಲಿ, ಡ್ರಮ್ಮಿನ ಚೂರೊಂದನ್ನು ಯಂತ್ರಕ್ಕೆ ಕೊಟ್ಟು ಕಾದು ಕೇಳುವ ಅದೇ ಅಭ್ಯಾಸ ಅದೇ ಸದ್ದಿಗೆ ತಲುಪಿತು.

2016ರಲ್ಲಿ ಹೇವರ್ಡ್ ಮತ್ತು ಬುಲೆನ್ ಈ ಹಾಡುಗಳನ್ನು ಮತ್ತೆ ವೇದಿಕೆಗೆ ತಂದರು. ವಿಲಿಯಮ್ಸ್ ಇಲ್ಲದ ಮೇಲೆ ಹಳೆಯ ಹೆಸರು ಬಳಸುವುದು ಸರಿಯಲ್ಲವೆಂದು ‘ದಿಸ್ ಈಸ್ ನಾಟ್ ದಿಸ್ ಹೀಟ್’ ಎಂದು ಕರೆದುಕೊಂಡರು. ಲಂಡನ್ನಿನ ಕೆಫೆ ಓಟೋದಲ್ಲಿ ಮೊದಲ ಕಛೇರಿಗಳು. ಮೂವರ ಸಂಗೀತಕ್ಕೆ ಈಗ ವೇದಿಕೆ ತುಂಬ ಜನ, ಸೋನಿಕ್ ಯೂತ್‌ನ ಥರ್ಸ್ಟನ್ ಮೂರ್, ಹಾಟ್ ಚಿಪ್‌ನ ಅಲೆಕ್ಸಿಸ್ ಟೇಲರ್ ಅವರೂ ಅದರಲ್ಲಿ. ಟೇಪಿನ ಬಳೆ ಒಬ್ಬಂಟಿಯಾಗಿ ಮಾಡಿದ ಕೆಲಸವನ್ನು ಮನುಷ್ಯರ ಕೈಯಿಂದಲೇ ನುಡಿಸಲು ಅಷ್ಟು ಜನ ಬೇಕಾಗಿತ್ತು, ನಡುವೆ ಅರವತ್ತು ದಾಟಿದ ಹೇವರ್ಡ್ ಡ್ರಮ್ಮಿನ ಹಿಂದೆ ಕೂತು ಹಾಡುತ್ತಲೂ ಇದ್ದರು.